ಮಗ್ಗುಲು

ಪಕ್ಕೆಲುಬಿನ ಕೆಳಗೆ, ಚರ್ಮದ ಒಳಮಡಿಕೆಯಲ್ಲಿ
ನಾಲ್ಕಾಣೆ ಗಾತ್ರದ ಗುಂಡಿಯೊಂದನ್ನು ಹೊಲಿದಿದ್ದಾರೆ.
ಇಪ್ಪತ್ತು ವರ್ಷ ಪರರ ಸೀರೆಗೆ ಫಾಲ್ ಹಚ್ಚಿದವಳು ನಾನು,
ಹೊಲಿಗೆ ನೋಡಿದೆ: ಪರವಾಗಿಲ್ಲ, ಕೈ ಚೊಕ್ಕ.

ಅದಕ್ಕೆ ಸೂಜಿ ಚುಚ್ಚಿ, ಬೆಚ್ಚಗೆ ಮಾಡಿದ ಎರಡು ಲೀಟರ್ ನೀರು,
ನೀರಲ್ಲಿ ಔಷಧಿ.
ನರಕ್ಕಲ್ಲ, ನೇರ ಹೊಟ್ಟೆಗೇ.
‘ಹೊಟ್ಟೆಗೆ ಹಾಕಿಕೋ’ ಅನ್ನುತ್ತಿದ್ದಳು ಅಮ್ಮ
ಅತ್ತೆಯ ಮಾತಿಗೆ, ಗಂಡನ ಮೌನಕ್ಕೆ, ಯಾವುದಕ್ಕೂ.
ಹಾಕಿಕೊಂಡೆ. ಈಗ ಇದೂ.

ತುಂಬಿದ ಮೇಲೆ ಗಡಿಯಾರದ ಕೆಲಸ.
ಹದಿನೈದು ನಿಮಿಷ ಎಡಕ್ಕೆ, ಹದಿನೈದು ಬಲಕ್ಕೆ,
ಬಕೆಟ್ಟಿನಲ್ಲಿ ನೀಲಿ ಕದಡಿದ ಹಾಗೆ
ಮೂಲೆಮೂಲೆಗೂ ತಾಗಬೇಕಂತೆ.
ಪರದೆ ಸರಿಸಿ ಬರುತ್ತಾಳೆ ಸಿಸ್ಟರ್ ಪಾಗಧರೆ:
‘ಮಾವಶಿ, ಕೂಸ್ ಬದಲಾ.’

ಮರಾಠಿಯಲ್ಲಿ ಕೂಸ್ ಅಂದರೆ ಮಗ್ಗುಲು.
ಡೊಂಬಿವಲಿಯಲ್ಲಿ ಇಪ್ಪತ್ತೊಂಬತ್ತು ಮಳೆಗಾಲ ಕಳೆದವಳಿಗೆ
ಅಷ್ಟೂ ಗೊತ್ತಿಲ್ಲವೇ?
ಗರ್ಭಕ್ಕೂ ಅದೇ ಪದ. ಅದನ್ನು ಜೂನ್‌ನಲ್ಲೇ
ಎರಡೂ ಅಂಡಾಶಯಗಳ ಜೊತೆ ಟ್ರೇಯಲ್ಲಿ ಒಯ್ದರು.
ಕಿವಿ ಮಾತ್ರ ಇನ್ನೂ ಊರಲ್ಲೇ ಇದೆ,
ಅದಕ್ಕೆ ಪ್ರತಿ ಸಲ ಕೇಳಿಸುವುದು
ಕೂಸನ್ನು ಬದಲಾಯಿಸು.

ಜೂನಿಗೆ ಮೊದಲು ಹೊಟ್ಟೆ ಉಬ್ಬಿತ್ತು.
ಲೇಡೀಸ್ ಡಬ್ಬದಲ್ಲಿ ಹುಡುಗಿಯೊಬ್ಬಳು ಎದ್ದು ಜಾಗ ಕೊಟ್ಟಳು,
ಎಷ್ಟನೇ ತಿಂಗಳೆಂದು ಕಣ್ಣಲ್ಲೇ ಕೇಳಿ.
ನನಗೆ ಐವತ್ತೊಂದು. ಠಾಣೆಯವರೆಗೂ ಕೂತೇ ಹೋದೆ,
ನಿಜ ಹೇಳಲಿಲ್ಲ.
ನಿಜ ನನಗೂ ಗೊತ್ತಿರಲಿಲ್ಲ.

ಆಮೇಲೆ ಡಾಕ್ಟರು ರಸೀದಿಯ ಹಿಂಬದಿಗೆ ಬಿಡಿಸಿ ತೋರಿಸಿದರು:
ಬೆನ್ನುಮೂಳೆಯ ಪಕ್ಕ ಸಾಲಾಗಿ ಗಂಟು, ಗಂಟು, ಗಂಟು.
ಅಲ್ಲಿಗೂ ಹೋಗಿದೆ ಎಂದರು.
ದಾರ ಗಂಟಾದರೆ ಉಗುರಲ್ಲಿ ಬಿಡಿಸುವವಳು,
ಬಿಡದಿದ್ದರೆ ಕಚ್ಚಿ ತುಂಡರಿಸುವವಳು,
ಪೆನ್ಸಿಲ್ಲಿನ ಆ ಚುಕ್ಕೆಗಳನ್ನೇ ನೋಡುತ್ತ ಕೂತೆ.
ರಸೀದಿ ಜೋಪಾನವಾಗಿಟ್ಟಿದ್ದೇನೆ.

ಮೃಣಾಲಿ ಮೊಬೈಲಿಗೆ ಅಲಾರಂ ಇಟ್ಟು ಕೂತಿದ್ದಾಳೆ.
ಹೆಸರು ಚಾಳಿನ ಕಾಕೂ ಇಟ್ಟದ್ದು, ನಾಲಿಗೆಯೂ ಅವರದೇ.
‘ಯಾಕಮ್ಮ ನಗ್ತೀಯ?’ ಇಷ್ಟು ಮಾತ್ರ ಕನ್ನಡ,
ಮುಂದಿನದೆಲ್ಲ ಮರಾಠಿ.
ಹೇಳಿದೆ: ನಮ್ಮಲ್ಲಿ ಕೂಸು ಅಂದರೆ ನೀನು.
ಹಾಲು ಕುಡಿದು ಹೆಗಲ ಮೇಲೆ ಕಕ್ಕುತ್ತಿದ್ದ ನೀನು.

ಒಂದು ಗಳಿಗೆ ಸುಮ್ಮನಿದ್ದಳು.
‘ಈಗ ಕಕ್ಕುತ್ತಿರೋದು ಯಾರು ಮತ್ತೆ?’ ಎಂದು
ಸ್ಟೀಲಿನ ಬಟ್ಟಲನ್ನು ನನ್ನ ಗದ್ದಕ್ಕೆ ಹಿಡಿದಳು.
ನಕ್ಕೆವು. ನಕ್ಕರೆ ಹೊಲಿಗೆ ಎಳೆಯುತ್ತದೆ,
ಒಳಗಿನ ಎರಡು ಲೀಟರ್ ತುಳುಕುತ್ತದೆ.
ಆಚೆ ಹಾಸಿಗೆಯ ಜಳಗಾಂವದಾಕೆ
ಏನೊಂದೂ ತಿಳಿಯದೆ ತಾನೂ ನಕ್ಕಳು.

ಅಲಾರಂ.
ಸೊಂಟದಡಿ ಒಂದು ಕೈ ತೂರಿಸಿ,
ಇನ್ನೊಂದರಲ್ಲಿ ನಳಿಕೆ ಎತ್ತಿ ಹಿಡಿದು,
ಕುತ್ತಿಗೆ ನಿಲ್ಲದ ಮಗುವನ್ನು ಹೊರಳಿಸಿದ ಹಾಗೆ
ಬಲಕ್ಕೆ.

ಕಿಟಕಿ ಈ ಕಡೆಗಿದೆ.
ಪರೇಲ್ ಸೇತುವೆಯ ಮೇಲೆ ಒಂದರ ಹಿಂದೆ ಒಂದು ಬಸ್ಸು, ನಿಂತೇ ಇವೆ.
ಇನ್ನು ಆರು ಸಲ ಹೊರಳಬೇಕು.
ಆಮೇಲೆ ಒಂದಿಷ್ಟು ಗಂಜಿ ಕೇಳಿ ನೋಡುತ್ತೇನೆ.