ಬಾವಿಗಿಳಿದವನ ಹೇಳಿಕೆ

ಮೊದಲು ಬಂದದ್ದು ಕೆಂಪು ಪೈಂಟು.
ಬಜಪೆಯಿಂದಾಚೆ, ನಮ್ಮ ಪಡುಪದವಿನ ಬೋಳು ಪಾದೆಯ ಮೇಲೆ
ಹಳದಿ ಟೊಪ್ಪಿಯ ನಾಲ್ವರು, ಮೂರು ಕಾಲಿನ ದುರ್ಬೀನು.
ಒಂದು ಬಾಣ ಎಳೆದು, ಪಕ್ಕಕ್ಕೆ ಹದಿನಾಲ್ಕು ಎಂದು ಬರೆದು
ವಾರಿಜಕ್ಕ ಕೊಟ್ಟ ಬೆಲ್ಲ ಕಚ್ಚಿ ನೀರು ಕುಡಿದು ಹೋದರು.
ಏನೂ ಹೇಳಲಿಲ್ಲವಂತೆ.

ಏನೂ ಹೇಳದವರ ಮಾತು ಬೇಗ ಹಬ್ಬುತ್ತದೆ.

ಶನಿವಾರ ಹಮ್ಮಬ್ಬಾಕನ ಅಂಗಡಿಯಲ್ಲಿ ಅದು ಗ್ಯಾಸು.
ಆದಿತ್ಯವಾರ ಪೂಜೆ ಮುಗಿಸಿ ಬಂದ ಲಾದ್ರು ಮಾಮನ ಬಾಯಲ್ಲಿ
ಪೆಟ್ರೋಲು, ಕುವೈಟಿನದ್ದಕ್ಕಿಂತ ತೆಳ್ಳಗಿನದು.
ಹದಿನೆಂಟು ವರ್ಷ ಅಲ್ಲಿ ಟ್ಯಾಂಕು ತೊಳೆದವ,
ಆ ಮೂಗಿಗೆ ಎದುರಾಡುವವರು ಯಾರು?
ರಾತ್ರಿ ಪಡುವಣದಲ್ಲಿ ರಿಫೈನರಿಯ ಜ್ವಾಲೆ ಏಳುವಾಗ
ಎಲ್ಲರೂ ಅಂಗಳಕ್ಕೆ ಬಂದು ನೋಡತೊಡಗಿದರು,
ತಮ್ಮದೇ ಒಲೆ ಯಾರದೋ ಮನೆಯಲ್ಲಿ ಉರಿಯುವಂತೆ.
ಸೆಂಟ್ಸಿಗೆ ನಲ್ವತ್ತು ಸಾವಿರ ಇದ್ದದ್ದು ಒಂದೂಕಾಲು ಲಕ್ಷ.
ಕೊಡುವವರೂ ಇಲ್ಲ, ಕೊಳ್ಳುವವರೂ ಇಲ್ಲ, ರೇಟು ಮಾತ್ರ ಉಂಟು.

ವರ್ಗದಡಿ ಸಿಕ್ಕಿದರೆ ನಮಗೆ, ಕುಮ್ಕಿಯಡಿ ಸಿಕ್ಕಿದರೆ ಸರ್ಕಾರಕ್ಕೆ
ಎಂದು ಒಂದು ವಾದ.
ಕುಮ್ಕಿ ಎಲ್ಲಿ ಶುರು ಎಂದು ಎಣ್ಣೆಗೆ ಗೊತ್ತುಂಟಾ
ಎಂದು ಇನ್ನೊಂದು.
ನೇಗಿಲು ಮುಟ್ಟುವಷ್ಟು ಮಾತ್ರ ನಿಮ್ಮದು ಮಾರಾಯ್ರೆ,
ಕೆಳಗಿನದ್ದೆಲ್ಲ ಯಾವತ್ತೂ ಸರ್ಕಾರದ್ದೇ, ಎಂದ ಉಗ್ರಾಣಿ.
ಅವನಿಗೆ ಆ ದಿನ ಯಾರೂ ಚಾ ಕೊಡಿಸಲಿಲ್ಲ.

ಕಡೆಗೆ ನನ್ನನ್ನು ಕೇಳಿದರು.
ನಲ್ವತ್ತು ವರ್ಷ ಬಾವಿಗಿಳಿದವ ನಾನು.
ಅಡಿಯಲ್ಲಿ ಎಂತ ಉಂಟು ದೂಮಣ್ಣ?
ಮುರಕಲ್ಲು, ಎಂದೆ. ಅದರಡಿ ಶೇಡಿಮಣ್ಣು,
ಅದರಡಿ ಕರಿಕಲ್ಲು.
ಅದರಡಿ ನಾನು ಹೋಗಲಿಲ್ಲ.

ವಾರಿಜಕ್ಕನ ಬಾವಿ ಹದಿನೆಂಟು ಕೋಲು.
ಪಾಲಿನ ದಿನ ಅಣ್ಣಂದಿರು ಬೈಲು ಇಟ್ಟುಕೊಂಡು
ಇವಳಿಗೆ ಪಾದೆ ಬರೆದು ಕೊಟ್ಟಾಗ
ಆ ಬಾವಿ ತೋಡಿದ್ದು ನಾನೇ.
ಪಗ್ಗು ತಿಂಗಳಲ್ಲಿ ಕೆಸರು ತೆಗೆಯಲು ಇಳಿದೆ.
ನೀರಿನ ಮೇಲೆ ನವಿಲಿನ ಕುತ್ತಿಗೆ:
ನೀಲಿ, ನೇರಳೆ, ಚಿನ್ನದ ಪಸೆ.
ಮೇಲಿನಿಂದ ಅವಳ ತಲೆ, ತಲೆಯ ಸುತ್ತ ಆಕಾಶ:
ಉಂಟಾ ದೂಮ?

ಅದಕ್ಕೊಂದು ಪರೀಕ್ಷೆ ಉಂಟು, ಅಪ್ಪ ಕಲಿಸಿದ್ದು.
ಕೋಲಿನಿಂದ ಆ ಬಣ್ಣವನ್ನು ಸೀಳಬೇಕು.
ಎಣ್ಣೆಯಾದರೆ ಹಿಂದಿನಿಂದಲೇ ಬಂದು ಕೂಡಿಕೊಳ್ಳುತ್ತದೆ,
ಗಾಯವೇ ಆಗದ ಹಾಗೆ.
ಕಲ್ಲಿನ ಕಬ್ಬಿಣ ಕರಗಿ ಕಟ್ಟಿದ ಕೆನೆಯಾದರೆ
ಚೂರುಚೂರು ಒಡೆಯುತ್ತದೆ, ಮತ್ತೆ ಸೇರುವುದಿಲ್ಲ.

ಒಡೆಯಿತು.
ಒಡೆದ ಚೂರುಗಳು ಗೋಡೆಗೆ ತಾಗಿ ನಿಂತವು.

ಹತ್ತಿ ಬಂದು ಹೇಳಿದೆ. ಅವಳು ಹಗ್ಗ ಸುತ್ತುತ್ತಿದ್ದಳು,
ಸುತ್ತುತ್ತಲೇ ಇದ್ದಳು.
ಮೊನ್ನೆ ವಾಮನಣ್ಣ ಬಂದಿದ್ದ, ಎಂದಳು,
ಎರಡು ಕಿಲೋ ಅಂಜಲ್ ಹಿಡಿದುಕೊಂಡು. ಹನ್ನೊಂದು ವರ್ಷದ ಮೇಲೆ.
ಈ ಸಲದ ತಂಬಿಲಕ್ಕೆ ನನ್ನದೇ ಮೊದಲ ತೆಂಗಿನಕಾಯಿಯಂತೆ.
ಸಣ್ಣ ಅತ್ತಿಗೆ ಫೋನು ಮಾಡಿ ಕೇಳಿದಳು,
ನಿನ್ನ ಮಂಡಿನೋವು ಹೇಗುಂಟು ಅಂತ.
ನನಗೆ ಮಂಡಿನೋವು ಉಂಟು ಅಂತ ಅವಳಿಗೆ ಗೊತ್ತಿತ್ತು, ದೂಮ!

ನಾನು ಕೈ ತೊಳೆದೆ.
ಕೋಲನ್ನು ಬಚ್ಚಲ ಒಲೆಗೆ ಇಟ್ಟೆ.

ಆಟಿ ತಿಂಗಳ ಮಳೆಗೆ ಪಾದೆಯ ಮೇಲಿನ ಬಾಣ ಮಾಸಿತು.
ಟೊಪ್ಪಿಯವರು ಬರಲಿಲ್ಲ.
ಹದಿನಾಲ್ಕರ ಒಂದು ಹೋಗಿ ಬರೀ ನಾಲ್ಕು ಉಳಿದಿತ್ತು.
ಒಂದು ಸಂಜೆ ಬಿಸಿಲು ಬಿದ್ದಾಗ ಆ ದಾರಿಯಾಗಿ ಬರುತ್ತಿದ್ದೆ.
ಕಿಟಕಿಗೆ ಬಳಿದು ಉಳಿದ ಕೆಂಪು ಡಬ್ಬಿ ಪಕ್ಕದಲ್ಲಿಟ್ಟುಕೊಂಡು
ನೋವಿನ ಮಂಡಿಯನ್ನೇ ಕಲ್ಲಿಗೂರಿ
ವಾರಿಜಕ್ಕ ಬರೆಯುತ್ತಿದ್ದಾಳೆ.

ನನ್ನನ್ನು ಕಂಡು ಹೆದರಲಿಲ್ಲ. ಸ್ವಲ್ಪ ಬದಿಗೆ ಸರಿದಳು.
ಬಾಣದ ಮೂತಿ ಮೊದಲು ಯಾವ ಬದಿಗಿತ್ತು, ನೋಡು,
ಎಂದಳು.