ಪುಸ್ತಕದಲ್ಲಿ ಏನನ್ನೂ ಬರೆಯಬಾರದು

ಹೊನ್ನಾವರದ ಬಂದರು ರಸ್ತೆಯ ವಾಚನಾಲಯದಲ್ಲಿ
ಆ ಕಾದಂಬರಿಗೆ ರಟ್ಟು ಹಾಕಿದವನು ನಾನೇ, ಮೂರು ಸಲ.
ಹೆಸರಿದ್ದ ಹಾಳೆ ಗೆದ್ದಲ ಪಾಲು.
ಬೇಕಾದವರು ಹೀಗೆ ಕೇಳುತ್ತಾರೆ:
ಸೇತುವೆ ಕಂಬಕ್ಕೆ ತೋಡಿದ ಗುಂಡಿಗೆ ಬಿದ್ದು
ಆರುನೂರು ವರ್ಷ ಹಿಂದೆ ಏಳುತ್ತಾನಲ್ಲ,
ಆ ಇಂಜಿನಿಯರನದು, ಇದೆಯಾ?

ಇದೆ. ಒಳಗೆ ನೀಲಿ ಮುದ್ರೆ:
ಪುಸ್ತಕದಲ್ಲಿ ಏನನ್ನೂ ಬರೆಯಬಾರದು.
ಅದರ ಕೆಳಗೇ ಯಾರೋ ಬರೆದಿದ್ದಾರೆ: ಸರಿ.

ಪುಟ ಮೂವತ್ತೊಂದು. ಹಡಗಿನಿಂದ ಅರಬ್ಬಿ ಕುದುರೆ ಇಳಿಯುತ್ತದೆ,
ನಾಯಕ ಹಾರಿ ಕೂರುತ್ತಾನೆ, ಕೆಂಪು ಧೂಳು, ಬೆನ್ನ ಹಿಂದೆ ಕತ್ತಿಗಳು.
ಪುಂಡಲೀಕ ಖಾರ್ವಿಯ ಪೆನ್ಸಿಲ್ಲು, ಒತ್ತಿ ಒತ್ತಿ:
"ಹತ್ತು ದಿನ ಬೋಟಿನಲ್ಲಿದ್ದು ಇಳಿದರೆ
ನನಗೇ ನೆಲ ತೂಗ್ತದೆ, ಗೋಡೆ ಹಿಡೀಬೇಕು.
ನಲವತ್ತು ದಿನ ನಿಂತೇ ಬಂದ ಕುದುರೆ ಓಡುವುದಾ?
ಅದೂ ಆಷಾಢದಲ್ಲಿ. ಆಷಾಢದಲ್ಲಿ ಧೂಳಂತೆ!
ಆ ತಿಂಗಳು ಅಳಿವೆ ದಾಟಿಸಿದವನನ್ನು ನನಗೊಮ್ಮೆ ತೋರಿಸಿ."
ಆದರೂ ಮೂರು ಸಲ ಒಯ್ದಿದ್ದಾನೆ. ಚೀಟಿಯಲ್ಲಿದೆ.

ಐವತ್ತೆಂಟರಲ್ಲಿ ಊಟ. ಮಂಜುಗುಣಿ ಮಾಸ್ತರರ ಕೆಂಪು ಶಾಯಿ:
"ತಪ್ಪು. ಒಣಮೆಣಸು ಇನ್ನೂ ಈ ದಡ ಕಂಡಿರಲಿಲ್ಲ."
ಅದರಡಿ ದುಂಡು ಅಕ್ಷರ: "ಹಾಗಾದರೆ ಬಂಗಡೆಗೆ ಏನು ಅರೆದರು?"
ಮತ್ತೆ ಕೆಂಪು: "ಕಾಳುಮೆಣಸು."
ಮತ್ತೆ ದುಂಡು, ಎರಡು ವಾರ ಬಿಟ್ಟು ಬರೆದದ್ದಿರಬೇಕು:
"ಮಾಡಿ ನೋಡಿದೆ. ಅಡ್ಡಿಲ್ಲ.
ಜುಮ್ಮನಕಾಯಿ ಒಂದೆರಡು ಜಾಸ್ತಿ ಬೇಕು."
ಪಕ್ಕದಲ್ಲಿ ಅರಿಶಿನದ ಹೆಬ್ಬೆಟ್ಟು.

ನೂರಾಹನ್ನೆರಡರಲ್ಲಿ ಬಂದರಿನ ಅಧಿಕಾರಿ, ಶಾಬಂದರ,
ಗಡ್ಡ ನೀವಿ ನಗುವ ಖಳ. ಅಲ್ಲಿ ಹಸಿರು ಪೆನ್ನು, ಚಿಕ್ಕದಾಗಿ:
"ಇದು ನಮ್ಮ ಮನೆಯ ಅಡ್ಡಹೆಸರು.
ಸುಂಕ ತಗೊಂಡದ್ದು ಬಿಟ್ಟರೆ ಅವನ ಅಪರಾಧ ನನಗೆ ಸಿಗಲಿಲ್ಲ.
ಇಡೀ ಪುಸ್ತಕದಲ್ಲಿ ಒಂದು ಹೊತ್ತು ಊಟವೂ ಹಾಕಿಲ್ಲ ಅವನಿಗೆ.
ಉಳಿದದ್ದು ಚೆನ್ನಾಗಿದೆ. ಫರ್ಹಾನಾ ಶಾಬಂದ್ರಿ, ಭಟ್ಕಳ."

ನಾಗಿಗೆ ಓದಲು ಬರುವುದಿಲ್ಲ.
ಮೆಟ್ಟಿಲ ಮೇಲೆ ಬಸಳೆ, ಹರಿವೆ ಹರಡಿಕೊಂಡು
ಮಧ್ಯಾಹ್ನ ನಾನು ಗಟ್ಟಿಯಾಗಿ ಓದಿದ್ದನ್ನು ಕೇಳಿದಳು,
ಕೊರಳ ಮಣಿಸರ ಸರಿಮಾಡಿಕೊಂಡಳು:
ಅಷ್ಟ್ ದೂರ ಹೋದಂವ ಅರಮನೆಗೇ ಯಂತಕ್ ಹೋಗ್ಬೇಕಾಗಿತ್ತು,
ನಮ್ ಕೊಪ್ಪಕ್ ಬಂದಿದ್ರೆ
ಒಂದ್ ತಟ್ಟೆ ಗಂಜಿ ಆದ್ರೂ ಕೊಡ್ತಿದ್ರಪ.
ಇದನ್ನು ನೂರಾನಲವತ್ತರಲ್ಲಿ ನಾನೇ ಬರೆದೆ.
ನಿಯಮ ಮುರಿದದ್ದು ಅದೊಂದೇ ಸಲ.

ನನ್ನ ತಕರಾರು ಬೇರೆ.
ಗುಂಡಿಗೆ ಬೀಳುವಾಗ ಅವನ ಚೀಲದಲ್ಲಿ
ಒಂದು ವಾಚನಾಲಯದ ಪುಸ್ತಕವಿತ್ತು, ಪುಟ ನಾಲ್ಕು, ನೋಡಿ.
ದಿನಕ್ಕೆ ಹತ್ತು ಪೈಸೆಯಂತೆ ಆರುನೂರು ವರ್ಷಕ್ಕೆ ದಂಡ
ಇಪ್ಪತ್ತೊಂದು ಸಾವಿರದ ಒಂಬೈನೂರು,
ಅಧಿಕ ವರ್ಷದ ಲೆಕ್ಕ ಬಿಟ್ಟು.
ಲೇಖಕ ಮರೆತ. ನಾನು ಮರೆತಿಲ್ಲ.

ನಾಯಿಯನ್ನೂ ಮರೆತ.
ಇನ್ನೂರಾ ಒಂದರಲ್ಲಿ ಮಿಂಚು, ಗುಂಡಿ, ಇವನು ಈಚೆಗೆ ಜಿಗಿದ.
ಕಥೆಯುದ್ದಕ್ಕೂ ಕಾಲಡಿಯೇ ಇದ್ದ ಕಂದು ನಾಯಿ
ಆಚೆಯೇ ಉಳಿಯಿತು.
ಯಾವುದೋ ಮಗುವಿನ ಕೈ, ಒತ್ತಕ್ಷರ ತಪ್ಪಿ:
"ನಾಯಿಯನು ಬಿಟು ಬಂದ. ನಾನು ಮುಂದೆ ಓದುವುದಿಲ."
ಮುಂದಿನ ನಲವತ್ತು ಪುಟ ನಾನು ಹುಡುಕಿದ್ದೇನೆ.
ಮದುವೆ ಇದೆ, ಪದಕ ಇದೆ, ಸೇತುವೆಯ ಉದ್ಘಾಟನೆ ಇದೆ.
ನಾಯಿ ಇಲ್ಲ.
ಆದರೆ ಮಗುವಿನ ಸಾಲಿನ ಕೆಳಗೆ
ಮತ್ತೆ ಆ ಒತ್ತು ಪೆನ್ಸಿಲ್ಲು:
"ಬಂದರದಲ್ಲಿ ಮೀನು ಆರಿಸುವವರು ಯಾವ ಕಾಲಕ್ಕೂ ಇರ್ತಾರೆ, ಮಗಾ.
ನಾಯಿ ಉಪವಾಸ ಬೀಳೂದಿಲ್ಲ."

ಸೋಮವಾರ ತಪಾಸಣೆ.
ಬರೆದದ್ದೆಲ್ಲ ಅಳಿಸಿಡಿ ಎಂದಿದ್ದಾರೆ ಕಾರ್ಯದರ್ಶಿ.
ರಬ್ಬರು ಎಲ್ಲೋ ಡ್ರಾಯರಿನಲ್ಲಿದೆ.
ಹುಡುಕಿದರೆ ಸಿಗುತ್ತದೆ.