ಎಂಟು ಪದರ

ರಾಯದುರ್ಗದಲ್ಲಿ ಕರೆಂಟು ಹೋಗುವುದಕ್ಕೆ
ಹೊತ್ತುಗೊತ್ತು ಇಲ್ಲ.
ಗುಡ್ಡದಾಚೆ ಗಾಳಿಯಂತ್ರ ತಿರುಗುತ್ತಲೇ ಇರುತ್ತದೆ,
ಅದರ ಕರೆಂಟು ಯಾರದೋ.
ಪೆನ್ನಯ್ಯನ ಜೀನ್ಸ್ ಶೆಡ್ಡಿನ ಮೂವತ್ತು ಮಷೀನು
ಒಂದೇ ಸಲ ಉಸಿರು ಕಟ್ಟಿದಾಗ
ಕನ್ನಡದಲ್ಲಿ ಶುರುವಾದ ಬೈಗುಳ
ತೆಲುಗಿನಲ್ಲಿ ಮುಗಿಯುತ್ತದೆ.

ಹಿಂದಿನ ಕೋಣೆ ನನ್ನದು. ಬಾಡಿಗೆಯ ಬದಲಿಗೆ ಕೆಲಸ:
ಬ್ಯಾಟರಿಯ ನಲವತ್ತೆಂಟು ವೋಲ್ಟನ್ನು
ಮುನ್ನೂರಕ್ಕೆ ಎತ್ತುವ ಪೆಟ್ಟಿಗೆ.
ಸೆಕೆಂಡಿಗೆ ಒಂದು ಲಕ್ಷ ಸಲ
ತೆರೆಯಬೇಕು, ಮುಚ್ಚಬೇಕು.
ಪೂರಾ ತೆರೆದ ಬಾಗಿಲಲ್ಲಿ ನಷ್ಟ ಇಲ್ಲವೆಂಬಷ್ಟು ಕಮ್ಮಿ,
ಪೂರಾ ಮುಚ್ಚಿದ್ದರಲ್ಲೂ ಹಾಗೇ;
ಸುಡುವುದೆಲ್ಲ ಅರೆತೆರೆದ ಗಳಿಗೆಯಲ್ಲಿ.
ಮೇಲಿನದು ಮುಚ್ಚುವ ಮೊದಲೇ ಕೆಳಗಿನದು ತೆರೆದರೆ
ಬ್ಯಾಟರಿ ತನ್ನನ್ನೇ ನುಂಗಿಕೊಳ್ಳುತ್ತದೆ.
ಟಪ್. ಅಷ್ಟೇ ಸದ್ದು,
ಆಮೇಲೆ ಹಪ್ಪಳ ಸೀದ ವಾಸನೆ.
ಹಾಗೆ ಸತ್ತ ಹದಿನಾಲ್ಕು ಮಾಸ್ಫೆಟ್ಟು
ಸುಂಕಣ್ಣನ ನಶ್ಯದ ಡಬ್ಬಿಯಲ್ಲಿವೆ.
ಅಲ್ಲಾಡಿಸಿದರೆ ನನ್ನ ಆರು ತಿಂಗಳು
ಗಲಗಲ ಅನ್ನುತ್ತದೆ.

ಸುಂಕಣ್ಣ ಬೋರ್‌ವೆಲ್ ಮೋಟರು ಸುತ್ತುತ್ತಿದ್ದವನು.
ಬೆರಳ ಬಿರುಕಿನಲ್ಲಿ ವಾರ್ನಿಶ್ಶಿನ ಕರೆ.
ಈಗ ಅಂಗೈಗಿಂತ ಸಣ್ಣ ಸುರುಳಿ:
ಅವನು ತೆಲುಗಿನಲ್ಲಿ ಎಣಿಸುತ್ತಾನೆ, ನಾನು ಕನ್ನಡದಲ್ಲಿ,
ಇಪ್ಪತ್ತೆರಡು, ಇರವೈ ರೆಂಡು
ಒಟ್ಟಿಗೆ ಬಂದರೆ ಸುರುಳಿ ಸರಿ ಅಂತ ಲೆಕ್ಕ.
ಎರಡು ತುಂಡಿನ ನಡುವೆ ಒಂದು ಸಂದು ಬೇಕು,
ಬಳ್ಳಾರಿಗೆ ಹೋಗಿಬಂದ ಬಸ್ ಟಿಕೆಟ್ಟನ್ನೇ
ಮಡಿಚಿ ಇಟ್ಟ.
"ಇಷ್ಟು ಗಟ್ಟಿ ಸಾಮಾನಿನ ಮಧ್ಯೆ
ಖಾಲಿ ಯಾಕೆ ಬಿಡ್ತೀಯಮ್ಮ?"
ಶಕ್ತಿ ಕೂಡಿಡುವುದು ಆ ಖಾಲಿಯಲ್ಲೇ ಅಂದೆ.
ನಂಬದೆ ನಶ್ಯ ಏರಿಸಿದ.

ಬರೀ ಮೇಜಿನ ಮೇಲೆ ಎಲ್ಲ ಚೆನ್ನಾಗಿತ್ತು.
ಖಾಜಾಬಿಯ ಸೂಜಿ
ಸೊಂಟಪಟ್ಟಿಗೆ ಅಡ್ಡ ಹೊಲಿಗೆ ಕೂಡುವ ಕಡೆ,
ಎಂಟು ಪದರ ಡೆನಿಮ್ಮು ಒಂದರ ಮೇಲೊಂದು ಬಿದ್ದ ಕಡೆ
ಬಂದಾಗಲೇ ವೋಲ್ಟೇಜು ಮೊಣಕಾಲೂರುತ್ತಿತ್ತು.
ಸೂಜಿ ಮುರಿಯುತ್ತಿತ್ತು.
ಗೇನು ಹೆಚ್ಚಿಸಿದೆ:
ಬಿದ್ದದ್ದು ಎದ್ದು, ಬೇಕಾದ್ದಕ್ಕಿಂತ ಮೇಲೆದ್ದು,
ನಾಚಿ ಮತ್ತೆ ಬಿದ್ದು,
ಹೆಂಡ ಕುಡಿದವನು ಓಣಿ ದಾಟಿದ ಹಾಗೆ.
ತಗ್ಗಿಸಿದೆ: ಬಿದ್ದದ್ದು ಏಳುವಷ್ಟರಲ್ಲಿ
ಪ್ಯಾಂಟೇ ಮುಗಿದಿರುತ್ತಿತ್ತು.

"ನಿನ್ ಪೆಟ್ಟಿಗೀಗೆ ಕಣ್ಣಿಲ್ಲೇನಮ್ಮ?
ದಪ್ಪ ಬರೋದು ನಂಗೆ
ಒಂದು ಗೇಣು ಮೊದ್ಲೇ ಗೊತ್ತಾಗ್ತೈತೆ."
ಸೂಜಿಯ ಲೆಕ್ಕ ಅವಳ ಕೂಲಿಯಲ್ಲಿ ಮುರಿಯುತ್ತಿದ್ದ
ಮಾತು ಮಾತ್ರ ಅವಳು ಎತ್ತಲಿಲ್ಲ.

ಒಂದು ಮಧ್ಯಾಹ್ನ ಪೂರ್ತಿ ಅವಳ ಮೇಜಿನಡಿ ಕೂತೆ,
ನೀಲಿ ನೂಲಿನ ಕಸದಲ್ಲಿ.
ಪಾದ ನೋಡಿದೆ.
ಎಂಟು ಪದರಕ್ಕೆ ಮೂರು ಹೊಲಿಗೆ ಮುಂಚೆ
ಹೆಬ್ಬೆರಳು ಸಡಿಲಾಗುತ್ತದೆ,
ಆಮೇಲೆ ಇಡೀ ಅಂಗಾಲು ಊರುತ್ತದೆ.
ನನ್ನ ಪೆಟ್ಟಿಗೆ ಏಟು ತಿಂದ ಮೇಲೆ ಕಲಿಯುತ್ತಿತ್ತು.
ಪೆಡಲಿನಿಂದ ಒಂದು ಸಪೂರ ತಂತಿ ಎಳೆದು
ಆ ಹೆಬ್ಬೆರಳನ್ನು
ಲೆಕ್ಕದೊಳಗೆ ಸೇರಿಸಿದೆ.

ಸ್ಕೋಪಿನ ಗೆರೆ ಕೂದಲೆಳೆಯಷ್ಟು ಬಾಗಿ
ನೇರವಾಯಿತು.

ಇನ್ನು ಬೆಕ್ಕಿನ ವಿಷಯ.
ನೂರು ಒಳಗೆ ಹೋಗಿ ಎಂಬತ್ತೆಂಟು ಹೊರಬರುತ್ತಿದ್ದ ದಿನಗಳಲ್ಲಿ
ಉಳಿದ ಹನ್ನೆರಡನ್ನು ಹೊದ್ದು
ಅದು ಪೆಟ್ಟಿಗೆಯ ಮೇಲೇ ಮಲಗುತ್ತಿತ್ತು.
ಎರಡು ಸ್ವಿಚ್ಚೂ ಮುಚ್ಚಿರುವ ಚೂರು ಹೊತ್ತನ್ನು ಅಳೆದು, ತಿದ್ದಿ,
ತಿರುಗಿ ತಿದ್ದಿ,
ತೊಂಬತ್ತಾರು ಅಂತ ಮೀಟರು ತೋರಿಸಿದ ರಾತ್ರಿ
ಮೀಟರನ್ನು ನಾನು ನಂಬಲಿಲ್ಲ.
ಬೆಳಿಗ್ಗೆ ಬೆಕ್ಕು
ಪೆಟ್ಟಿಗೆಯನ್ನು ಒಮ್ಮೆ ಮೂಸಿ ಎದ್ದು ಹೋಯಿತು.
ನಂಬಿದೆ.

ನಿನ್ನೆ ಕರೆಂಟು ಹೋಗಿತ್ತಂತೆ.
ಗೊತ್ತಾದದ್ದು ತಲೆಮೇಲಿನ ಫ್ಯಾನು ನಿಂತಾಗ.
ಬೆವರು ಒರೆಸಿಕೊಂಡು ಖಾಜಾಬಿ
"ಗಾಳಿಗೂ ಒಂದು ತಂತಿ ಎಳೆಯೇ" ಅಂದಳು,
ಕಾಲು ತೆಗೆಯದೆ.
ಬೆಕ್ಕು ಈಗ ಇಸ್ತ್ರಿ ಮೇಜಿನ ಕೊನೆಯಲ್ಲಿ.
ನನ್ನ ಕಡೆ ತಿರುಗಿಯೂ ನೋಡುವುದಿಲ್ಲ.